ತೊಡೆಮಟ್ಟಕ್ಕೆ ನಲವತ್ತೆಂಟು, ಕಂಕುಳಮಟ್ಟಕ್ಕೆ ತೊಂಬತ್ನಾಲ್ಕು

ನೀವೀಗ ನೋಡುತ್ತಿರುವ ಈ ಅಗಲವಾದ, ಬರೀ ಕಲ್ಲುಗುಂಡುಗಳೇ ಕಾಣುವ ಹೊಳೆಪಾತ್ರ ಜಪಾನಿನ ಶಿಜುವೊಕಾ ಪ್ರಾಂತ್ಯದ ಓಯಿ ನದಿಯದು. ಇದರ ದಡದ ಶಿಮಾದಾ ನಗರ ವಸ್ತುಸಂಗ್ರಹಾಲಯಕ್ಕೆ ನಾನು ಬಂದದ್ದು, ಹಿಂದಿನ ಕಾಲದವರು ಈ ನದಿಯನ್ನು ಹೇಗೆ ದಾಟುತ್ತಿದ್ದರು ಎಂಬುದನ್ನು ತಿಳಿಯಲೆಂದು.

ತೊಕುಗಾವಾ ಮನೆತನದ ಸೇನಾಧಿಪತಿಗಳು ಜಪಾನ್ ಆಳುತ್ತಿದ್ದ ಕಾಲದಲ್ಲಿ (1603–1868), ಇಂದಿನ ಟೋಕಿಯೊ ಆಗಿರುವ ಎದೋ ನಗರವನ್ನು ಕ್ಯೋಟೊಗೆ ಜೋಡಿಸುತ್ತಿದ್ದ ತೊಕೈದೋ ಹೆದ್ದಾರಿ ಶಿಮಾದಾ ಮತ್ತು ಕನಾಯಾ ಎಂಬ ಎರಡು ತಂಗುದಾಣಗಳ ನಡುವೆ ಈ ಹೊಳೆಗೆ ಇಳಿಯುತ್ತಿತ್ತು. ಇಲ್ಲಿ ಸೇತುವೆ ಕಟ್ಟಲು ಬಿಡಲಿಲ್ಲ, ಕಡವಿನ ದೋಣಿಗೂ ಅಪ್ಪಣೆಯಿರಲಿಲ್ಲ. ಎದೋ ನಗರದ ರಕ್ಷಣೆಗಾಗಿ ಎಂಬುದು ಎಲ್ಲರೂ ಹೇಳುವ ಕಾರಣ. ನೀರಿನ ರಭಸವೂ, ಪ್ರಯಾಣಿಕರು ತಂಗಿದಷ್ಟೂ ಹೆಚ್ಚುತ್ತಿದ್ದ ಎರಡೂ ಊರುಗಳ ಸಂಪಾದನೆಯೂ ಇದರ ಹಿಂದಿದ್ದವು ಎಂಬ ಮಾತು ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಆದ್ದರಿಂದ ದಾಟಿಸುವ ಕೆಲಸ ಮನುಷ್ಯರ ಹೆಗಲಿಗೆ ಬಿತ್ತು. 1696ರಲ್ಲಿ ಇದಕ್ಕೊಂದು ಕಟ್ಟುನಿಟ್ಟಿನ ವ್ಯವಸ್ಥೆ ಬಂದು, ಕವಾಕೈಶೊ ಎಂಬ ಕಚೇರಿ ಪ್ರತಿದಿನ ನೀರಿನ ಆಳ ನೋಡಿ ದರ ನಿಗದಿ ಮಾಡತೊಡಗಿತು. ಅಳತೆಗೋಲು ಹೊರುವವನ ದೇಹವೇ: ನೀರು ತೊಡೆಯವರೆಗಿದ್ದರೆ 48 ಮೊನ್ (ಆಗಿನ ಚಿಲ್ಲರೆ ನಾಣ್ಯ), ಸೊಂಟಪಟ್ಟಿಯ ಕೆಳಗಿದ್ದರೆ 52, ಪಟ್ಟಿಯನ್ನು ಮೀರಿದರೆ 68, ಎದೆಗೆ ಬಂದರೆ 78, ಕಂಕುಳಿಗೆ ಮುಟ್ಟಿದರೆ 94. ಆ ಯುಗದ ಕೊನೆಯ ದಶಕಗಳಲ್ಲಿ ಒಂದು ಬಟ್ಟಲು ಸೋಬಾ ಶಾವಿಗೆಗೆ 16 ಮೊನ್ ಇತ್ತೆಂದರೆ, ಅತಿ ಅಗ್ಗದ ದಾಟುವಿಕೆಗೂ ಮೂರು ಬಟ್ಟಲಿನ ಬೆಲೆ ತೆರಬೇಕಿತ್ತು.

ಇಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಬೆರಳುದ್ದದ ಒಂದು ಚೀಟಿಯ ಕಥೆ. ಪ್ರಯಾಣಿಕ ಕಚೇರಿಯಲ್ಲಿ ಹಣ ಕಟ್ಟಿ ಪಡೆದ ಈ ಚೀಟಿಯನ್ನು ಹೊರುವವನ ಕೈಗೆ ಕೊಡುತ್ತಿದ್ದ. ಅವನು ನೀರು ತಾಗದಂತೆ ಅದನ್ನು ತನ್ನ ಜುಟ್ಟಿಗೋ ತಲೆಪಟ್ಟಿಗೋ ಕಟ್ಟಿಕೊಂಡು ಹೊಳೆಗಿಳಿದು, ಕೆಲಸ ಮುಗಿದ ಮೇಲೆ ಬೇರೊಂದು ಕಟ್ಟೆಯಲ್ಲಿ ನಗದು ಮಾಡಿಸಿಕೊಳ್ಳುತ್ತಿದ್ದ. ಹೆಗಲೇರಿದವನಿಗೆ ಒಂದೇ ಚೀಟಿ ಸಾಕು. ಏಣಿಯಂಥ ಮರದ ಹಲಗೆಯ ಮೇಲೆ ಕೂತು ಹೋಗುವವನಿಗೆ ಹೊರುವ ನಾಲ್ವರ ನಾಲ್ಕು ಚೀಟಿಗಳು, ಹಲಗೆಯ ಬಾಬ್ತು ಇನ್ನೆರಡು, ಒಟ್ಟು ಆರು.

ನೀರು ನಾಲ್ಕೂವರೆ ಶಾಕು, ಅಂದರೆ ಸುಮಾರು 136 ಸೆಂಟಿಮೀಟರ್ ದಾಟಿದರೆ ಹೊಳೆಯೇ ಬಂದ್. 1868ರಲ್ಲಿ ಒಮ್ಮೆ 28 ದಿನ ಯಾರೂ ದಾಟಲಾಗಲಿಲ್ಲ. ಸರದಾರನಿರಲಿ, ವ್ಯಾಪಾರಿಯಿರಲಿ, ಛತ್ರದ ಬಾಡಿಗೆ ತೆರುತ್ತ ಮಳೆ ನೋಡುತ್ತ ಕೂರಬೇಕಾಯಿತು.

ಸಂಗ್ರಹಾಲಯದಿಂದ ಹೊರಟ ಈ ಬೀದಿಯಲ್ಲಿ ಆ ಕಚೇರಿಯೂ, ಕೂಲಿಗಳು ಸರದಿಗೆ ಕಾಯುತ್ತಿದ್ದ ಮನೆಗಳೂ ಸಾಲಾಗಿವೆ. 1966ರಿಂದ ಇದು ರಾಷ್ಟ್ರೀಯ ಐತಿಹಾಸಿಕ ತಾಣ. 1870ರಲ್ಲಿ ಹೊರುವ ಪದ್ಧತಿ ರದ್ದಾಗಿ ನೂರಾರು ಜನರ ಕೂಲಿ ಒಂದೇ ಸಲಕ್ಕೆ ನಿಂತುಹೋಯಿತು. ಅವರಲ್ಲಿ ಕೆಲವರು ಎದುರು ದಡದ ಮಕಿನೊಹರಾ ದಿಣ್ಣೆ ಹತ್ತಿ ಚಹಾ ತೋಟ ಮಾಡಿದರು. ಆ ತೋಟಗಳಿಗೆ ಹೋಗಿಬರಲು 1879ರಲ್ಲಿ ಎದ್ದ ಮರದ ಹೊರೈ ಸೇತುವೆ, 897.4 ಮೀಟರ್ ಉದ್ದದ್ದು, ಕೆಳಪಾತ್ರದಲ್ಲಿ ಈಗಲೂ ಇದೆ. ಸಂಜೆ ನಾನು ಅದರ ಮೇಲೆ ನಡೆದೆ. ದಾಟಲು ಅಲ್ಲಿಯೂ ಶುಲ್ಕವುಂಟು, 100 ಯೆನ್. ಆಳ ಎಷ್ಟಿದ್ದರೂ ಅಷ್ಟೇ.