ಫಾಂಡೆಂಟ್ ಹೊದಿಸುವ ಮುಂಚೆ

ಎಲ್ಲರಿಗೂ ನಮಸ್ಕಾರ್ರಿ.

ಮೊದಲೇ ಹೇಳಿಬಿಡುತ್ತೇನೆ. ಇವತ್ತು ನಾನು ಫಾಂಡೆಂಟಿನಲ್ಲಿ, ಅಂದರೆ ಲಟ್ಟಿಸಿ ಕೇಕಿಗೆ ಹೊದಿಸೋ ಸಕ್ಕರೆ ಕಣಕದಲ್ಲಿ, ಹೂವು, ಗೊಂಬೆ, ಚಿಟ್ಟೆ ಏನನ್ನೂ ಮಾಡಿ ತೋರಿಸುವುದಿಲ್ಲ. ಅದಕ್ಕೆ ಫೋನಿನಲ್ಲಿ ಬೇಕಾದಷ್ಟು ವಿಡಿಯೋ ಇವೆ. ಆ ವಿಡಿಯೋಗಳಲ್ಲಿ ಕೇಕ್ ಆಗಲೇ ಗಿಲಾವು ಮಾಡಿದ ಗೋಡೆ ಹಾಗೆ ನುಣ್ಣಗೆ, ನೆಟ್ಟಗೆ ನಿಂತಿರುತ್ತದೆ. ಅದು ಹಾಗೆ ನಿಂತದ್ದು ಹೇಗೆ ಅನ್ನೋದನ್ನು ಎರಡು ಸೆಕೆಂಡಿನಲ್ಲಿ ಓಡಿಸಿಬಿಡುತ್ತಾರೆ. ನಾನು ಬಂದಿರೋದು ಆ ಎರಡು ಸೆಕೆಂಡಿನ ಬಗ್ಗೆ ಮಾತಾಡೋಕೆ.

ನನ್ನ ಮೊದಲ ಫಾಂಡೆಂಟ್ ಕೇಕ್ ಒಂದು ಕುಬಸದ, ಅಂದರೆ ಸೀಮಂತದ ಆರ್ಡರ್. ಮೇ ತಿಂಗಳು. ಬಾಗಲಕೋಟೆಯ ಬಿಸಿಲು ನಿಮಗೇನು ಹೊಸದಾ? ಕೇಕಿನ ಮೇಲೆ ಹಸಿರು ಇಳಕಲ್ ಸೀರೆ ಬೇಕು, ಕೆಂಪು ಟೋಪ ತೆನಿ ಸೆರಗು ಬೇಕು, ಅಂಚಿಗೆ ಚಿಕ್ಕಿ ಪರಾಸ ಬೇಕು ಅಂದಿದ್ದರು. ನಾನು ಮೂರು ದಿನ ಕೂತು ಸೆರಗು ಮಾಡಿದೆ. ಕೇಕ್ ಮಾತ್ರ ಅವಸರದಲ್ಲಿ ಬೇಯಿಸಿ, ದಿನಾ ಮಾಡುವ ಹಾಗೆ ಸಕ್ಕರೆ ನೀರು ಕುಡಿಸಿ, ವಿಪ್ಪಿಂಗ್ ಕ್ರೀಮ್ ಬಳಿದು, ಅದರ ಮೇಲೆ ಫಾಂಡೆಂಟ್ ಹೊದಿಸಿದೆ. ಮಧ್ಯಾಹ್ನ ಕರೆಂಟ್ ಹೋಯಿತು. ಸಂಜೆ ಡಬ್ಬಿ ತೆರೆದು ನೋಡಿದರೆ ನೆರಿಗೆ ಬಿಚ್ಚಿದ ಸೀರೆ ಹಾಗೆ ಎಲ್ಲ ಕೆಳಗೆ ಜಾರಿ ಕೂತಿತ್ತು. ಆ ಮನೆಯವರು ಏನೂ ಅನ್ನಲಿಲ್ಲ. ಅದೇ ಜಾಸ್ತಿ ನೋವಾಯಿತು ನನಗೆ.

ಸೀರೆ ನಿಲ್ಲೋದು ಒಳಗಿನ ಪರಕಾರದ ಮೇಲೆ, ಅಲ್ವಾ? ಲಾಡಿ ಸಡಿಲ ಕಟ್ಟಿ ಎಂಥ ಇಳಕಲ್ ಉಟ್ಟರೂ ಬೀದಿ ದಾಟೋದರೊಳಗೆ ಜಾರುತ್ತದೆ. ಫಾಂಡೆಂಟೂ ಹಾಗೇ. ಅದು ಒಳಗಿನ ತಪ್ಪನ್ನು ಮುಚ್ಚುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಮುಚ್ಚೋದಿಲ್ಲ, ಎತ್ತಿ ತೋರಿಸುತ್ತದೆ. ಮೂರು ನಾಲ್ಕು ಮಿಲಿಮೀಟರ್ ದಪ್ಪದ ಸಕ್ಕರೆ ಹಾಳೆ ಅದು. ಕೆಳಗೆ ಒಂದು ಸಣ್ಣ ಗುಂಡಿ ಇದ್ದರೂ ಬೆಳಕು ಬಿದ್ದ ಕೂಡಲೇ ಕಾಣುತ್ತದೆ.

ಅದು ಹಗುರವೂ ಅಲ್ಲ. 8 ಇಂಚು ಅಗಲ, 4 ಇಂಚು ಎತ್ತರದ ಕೇಕಿಗೆ ಹತ್ತಿರ ಹತ್ತಿರ 700 ಗ್ರಾಂ ಫಾಂಡೆಂಟ್ ಬೇಕು. ನಮ್ಮ ಮೆತ್ತಗಿನ ಸ್ಪಾಂಜಿನ ತಲೆ ಮೇಲೆ ಅಷ್ಟು ಭಾರ ಹೇರಿದರೆ ಅದು ಸೊಂಟ ಬಗ್ಗಿಸಿ ಕೂರುತ್ತದೆ. ಹಾಗಾಗಿ ಕೇಕೇ ಬೇರೆ ಬೇಕು. ಬೆಣ್ಣೆ ಹಾಕಿದ, ಸ್ವಲ್ಪ ಗಟ್ಟಿ ಕೇಕ್. ನಮ್ಮ ಕಡೆ ಮೊಟ್ಟೆ ಇಲ್ಲದ ಕೇಕಿಗೇ ಆರ್ಡರ್ ಜಾಸ್ತಿ. ಅದು ಪುಡಿ ಉದುರುವ ಜಾತಿ. ಮಿಲ್ಕ್‌ಮೇಡ್, ಬೆಣ್ಣೆ ಹಾಕಿ ಮಾಡಿದ್ದು ಮೊಸರಿನ ಕೇಕಿಗಿಂತ ಚೆನ್ನಾಗಿ ಭಾರ ತಡೆಯುತ್ತದೆ, ಇದು ನನ್ನ ಅನುಭವ. ಸಕ್ಕರೆ ನೀರು ಬ್ರಷ್‌ನಲ್ಲಿ ಒಂದು ಸಲ ಸವರಿದರೆ ಸಾಕು, ಸುರಿಯಬೇಡಿ.

ಹಿಂದಿನ ದಿನವೇ ಬೇಯಿಸಿ. ಪೂರ್ತಿ ಆರಿದ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಫ್ರಿಜ್‌ನಲ್ಲಿ ಇಡಿ. ತಣ್ಣಗಿನ ಕೇಕ್ ಹಲ್ಲಿನ ಚಾಕುವಿಗೆ ನೀಟಾಗಿ ಸಿಗುತ್ತದೆ, ಬಿಸಿ ಕೇಕ್ ಹರಿಯುತ್ತದೆ. ಮೇಲಿನ ಉಬ್ಬನ್ನು ಕತ್ತರಿಸಿ ತೆಗೆಯಿರಿ. ಆ ತುಂಡು ಮಕ್ಕಳಿಗೆ ಹೋಗುತ್ತದೆ, ಬಿಡಿ, ಅದನ್ನು ನಾನು ಹೇಳೋದು ಬೇಡ. ಪದರ ಜೋಡಿಸುವಾಗ ಎಲ್ಲಕ್ಕಿಂತ ಮೇಲಿನ, ಕೊನೆಯ ಪದರದ ತಳ ಮೇಲೆ ಬರಬೇಕು. ಅದನ್ನು ಮಗುಚಿ ಇಟ್ಟರೆ ಟಿನ್ನಿನ ಸಪಾಟು ಮುಖ ಮೇಲೆ ಬರುತ್ತದೆ. ಅಂಚು ಚೂಪಾಗಿರುತ್ತದೆ, ಪುಡಿಯೂ ಕಡಿಮೆ.

ಒಳಗೆ ಹಾಕೋ ಕ್ರೀಮ್ ಅಥವಾ ಜಾಮ್ ಅಂಚಿನವರೆಗೂ ಬರಬಾರದು. ಹೊಲದ ಬದುವಿನ ಹಾಗೆ ಸುತ್ತ ಗಟ್ಟಿ ಬಟರ್‌ಕ್ರೀಮಿನ (ಬೆಣ್ಣೆ, ಐಸಿಂಗ್ ಶುಗರ್ ಕೂಡಿಸಿ ಬೀಸಿದ್ದು) ಒಂದು ಸಾಲು ಹಾಕಿ, ಒಳಗೆ ತುಂಬಿ. ಬದು ಇಲ್ಲದಿದ್ದರೆ ಭಾರಕ್ಕೆ ಒಳಗಿನದು ಹೊರಗೆ ಬಂದು ಕೇಕಿನ ಸುತ್ತ ಟೈರ್ ಹಾಗೆ ಉಬ್ಬುತ್ತದೆ.

ಈಗ ಈ ಮೇಜಿನ ಮೇಲಿನ ಕೇಕ್ ನೋಡಿ. ಇದರ ಮೇಲೆ ಯಾಕೆ ಟೈಲ್ಸ್ ತುಂಡು ಇದೆ ಅಂತ ಬಂದಾಗಿನಿಂದ ನಗ್ತಾ ಇದ್ದೀರಿ. ಕ್ರೀಮ್ ತುಂಬಿದ ಕೇಕ್ ತನ್ನ ಭಾರಕ್ಕೆ ತಾನೇ ಕೆಲವು ಗಂಟೆ ಇಳಿಯುತ್ತದೆ. ಪದರಗಳ ನಡುವಿನ ಗಾಳಿ ಹೊರಗೆ ಬರುತ್ತದೆ. ಆ ಗಾಳಿ ಒಳಗೇ ಉಳಿದು, ಮೇಲೆ ಫಾಂಡೆಂಟ್ ಹೊದಿಸಿದ ಮೇಲೆ ಬಿಸಿಗೆ ಹಿಗ್ಗಿದರೆ ಏನಾಗುತ್ತದೆ? ಪಕ್ಕದಲ್ಲಿ ಬೊಕ್ಕೆ ಏಳುತ್ತದೆ. ರಾತ್ರಿ ಒಂದು ಬಟರ್ ಪೇಪರ್ ಹಾಸಿ, ತೊಳೆದ ಟೈಲ್ಸ್ ಇಟ್ಟು ಮಲಗಿ. ಇಳಿಯೋದೆಲ್ಲ ಬೆಳಗಾಗೋದರೊಳಗೆ ಇಳಿದಿರುತ್ತದೆ. ನಾನು ಮೊದಲು ಇಳಕಲ್ ಗ್ರಾನೈಟಿನ ತುಂಡು ಇಡುತ್ತಿದ್ದೆ. ಅದು ಭಾರ ಜಾಸ್ತಿಯಾಗಿ ಕೇಕ್ ರೊಟ್ಟಿ ಆಯಿತು!

ಇನ್ನು ಹೊರಗೆ ಬಳಿಯೋದು. ಇದೇ ನಮ್ಮ ಪರಕಾರ.

ವಿಪ್ಪಿಂಗ್ ಕ್ರೀಮ್ ಬೇಡವೇ ಬೇಡ. ಅದರಲ್ಲಿ ನೀರಿದೆ. ಫಾಂಡೆಂಟ್ ಅಂದರೆ ಬಹುಪಾಲು ಸಕ್ಕರೆ, ಸಕ್ಕರೆ ನೀರನ್ನು ಎಳೆದುಕೊಂಡು ಕರಗುತ್ತದೆ. ಬಟರ್‌ಕ್ರೀಮ್ ಆದರೆ ನಡೆಯುತ್ತದೆ, ಒಂದು ಪಾಲು ಬೆಣ್ಣೆಗೆ ತೂಕದಲ್ಲಿ ಎರಡು ಪಾಲು ಐಸಿಂಗ್ ಶುಗರ್. ಆದರೆ ಬೆಣ್ಣೆ 35 ಡಿಗ್ರಿ ಹತ್ತಿರ ಬಂದರೆ ಕರಗಿ ನೀರಾಗುತ್ತದೆ. ವಿಜಯಪುರದಲ್ಲಿ ಏಪ್ರಿಲ್ ಮಧ್ಯಾಹ್ನ ಅಡುಗೆಮನೆ ಅದಕ್ಕಿಂತ ಬಿಸಿ ಇರುತ್ತದೆ. ಬೆಳಗಾವಿಯ ನನ್ನ ಗೆಳತಿ ವರ್ಷವಿಡೀ ಬಟರ್‌ಕ್ರೀಮ್ ಬಳಸುತ್ತಾಳೆ. ಅವಳ ಊರಿನ ಹವೆ ಅವಳಿಗಿರಲಿ. ನನ್ನ ಮಾತು ಕೇಳುವುದಾದರೆ ನಮಗೆ ಗನಾಶ್, ಅಂದರೆ ಬಿಸಿ ಕ್ರೀಮಿನಲ್ಲಿ ಕರಗಿಸಿದ ಚಾಕೊಲೇಟು.

ಡಾರ್ಕ್ ಚಾಕೊಲೇಟ್ ಆದರೆ ತೂಕದಲ್ಲಿ ಎರಡು ಪಾಲು ಚಾಕೊಲೇಟು, ಒಂದು ಪಾಲು ಕ್ರೀಮ್. ಬಿಳಿ ಚಾಕೊಲೇಟ್ ಮೆತ್ತಗೆ, ಅದಕ್ಕೆ ಮೂರಕ್ಕೆ ಒಂದು. ಬೇಸಿಗೆಯಲ್ಲಿ ಚಾಕೊಲೇಟನ್ನು ಇನ್ನೂ ಅರ್ಧ ಪಾಲು ಏರಿಸಿ. ಅಂಗಡಿಯಲ್ಲಿ ಸಿಗುವ ಅಮುಲ್ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬು 25 ಪರ್ಸೆಂಟ್. ಅದನ್ನು ಹಾಗೇ ಬೀಸಿದರೆ ಗಟ್ಟಿ ನಿಲ್ಲಲ್ಲ, ಗನಾಶ್‌ಗೆ ಮಾತ್ರ ಸರಿ ಹೋಗುತ್ತದೆ. 8 ಇಂಚಿನ ಕೇಕಿಗೆ ಒಳಗೆ ಹೊರಗೆ ಸೇರಿ 1 ಕೆಜಿ ಗನಾಶ್ ಹಿಡಿಯಿರಿ, ಅಂದರೆ 670 ಗ್ರಾಂ ಡಾರ್ಕ್ ಚಾಕೊಲೇಟು, 330 ಗ್ರಾಂ ಕ್ರೀಮ್. ಕ್ರೀಮ್ ಅಂಚಿನಲ್ಲಿ ಗುಳ್ಳೆ ಬರೋವರೆಗೆ ಕಾಯಿಸಿ, ಹೆಚ್ಚಿದ ಚಾಕೊಲೇಟಿನ ಮೇಲೆ ಸುರಿದು ಎರಡು ನಿಮಿಷ ಕೈ ಹಚ್ಚಬೇಡಿ. ಆಮೇಲೆ ನಡುವಿನಿಂದ ಮೆಲ್ಲಗೆ ತಿರುವಿ. ಎಣ್ಣೆ ಬಿಟ್ಟರೆ ಹೆದರಬೇಡಿ. ಒಂದು ಚಮಚ ಬಿಸಿ ಹಾಲು ಹಾಕಿ ತಿರುವಿದರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಮುಚ್ಚಿಟ್ಟು ಬಿಡಿ. ಶ್ರೀಖಂಡದ ಹದಕ್ಕೆ ಬಂದಾಗ ಬಳಿಯಿರಿ.

ಮೊದಲು ತೆಳ್ಳಗೆ ಒಂದು ಕೈ. ಇದಕ್ಕೆ ಕ್ರಂಬ್ ಕೋಟ್ ಅಂತಾರೆ. ಇದರ ಕೆಲಸ ಉದುರುವ ಪುಡಿಯನ್ನು ಹಿಡಿದು ಕೂರಿಸೋದು, ಅಷ್ಟೇ. ಒಳಗಿನ ಕೇಕ್ ಅಲ್ಲಲ್ಲಿ ಕಂಡರೂ ಪರವಾಗಿಲ್ಲ. ಪುಡಿ ಹತ್ತಿದ ಚಾಕುವನ್ನು ಮತ್ತೆ ಗನಾಶ್ ಪಾತ್ರೆಗೆ ಅದ್ದಬೇಡಿ, ಬೇರೆ ಬಟ್ಟಲು ಇಟ್ಟುಕೊಳ್ಳಿ. ಅರ್ಧ ಗಂಟೆ ಫ್ರಿಜ್. ಎರಡನೇ ಕೈ ದಪ್ಪಗೆ. ಸ್ಕ್ರೇಪರನ್ನು ನೆಟ್ಟಗೆ ಹಿಡಿದು ಟರ್ನ್‌ಟೇಬಲ್ ತಿರುಗಿಸಿ. ಸ್ಕ್ರೇಪರ್ ನಿಂತಿರಲಿ, ಕೇಕ್ ತಿರುಗಲಿ. ಮನೆಗೆ ಗಿಲಾವು ಮಾಡುವವರನ್ನು ನೋಡಿದ್ದೀರಲ್ಲ? ಗುಂಡಿ ಇದ್ದಲ್ಲಿ ಮೆತ್ತೋದು, ಎಳೆಯೋದು, ಮತ್ತೆ ಮೆತ್ತೋದು. ಅದೇ ಕೆಲಸ. ಗಟ್ಟಿಯಾದ ಮೇಲೆ ಚಾಕುವನ್ನು ಬಿಸಿನೀರಿಗೆ ಅದ್ದಿ, ಒರೆಸಿ, ಒಂದು ಸಲ ಎಳೆದರೆ ಗೆರೆಗಳೆಲ್ಲ ಹೋಗುತ್ತವೆ.

ಫ್ರಿಜ್‌ನಿಂದ ತೆಗೆದ ಕೂಡಲೇ ಫಾಂಡೆಂಟ್ ಹೊದಿಸಬೇಡಿ. ತಣ್ಣಗಿನ ಕೇಕಿನ ಮೇಲೆ ಗಾಳಿಯ ತೇವ ಹನಿಯಾಗಿ ಕೂರುತ್ತದೆ. ಬೆಳಗಾವಿ ಮಳೆಗಾಲದಲ್ಲಿ ಇದು ದೊಡ್ಡ ತಲೆನೋವು, ಫಾಂಡೆಂಟ್ ಬೆವರಿ ಅಂಟಂಟಾಗುತ್ತದೆ. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಉಲ್ಟಾ, ಒಣಗಿ ಬಿರುಕು ಬಿಡುತ್ತದೆ. ಅಲ್ಲಿ ಕಾರ್ನ್‌ಫ್ಲೋರ್ ಉದುರಿಸಿ ಲಟ್ಟಿಸಿದರೆ, ಇಲ್ಲಿ ಕಲ್ಲಿಗೆ ಸ್ವಲ್ಪ ವನಸ್ಪತಿ ಸವರಿ ಲಟ್ಟಿಸಿ. ಇಪ್ಪತ್ತು ಮೂವತ್ತು ನಿಮಿಷ ಕೇಕ್ ಹೊರಗಿಟ್ಟು, ಹನಿ ಇದ್ದರೆ ಟಿಶ್ಯೂ ಒತ್ತಿ ತೆಗೆಯಿರಿ. ಗಟ್ಟಿಯಾದ ಗನಾಶ್‌ಗೆ ಫಾಂಡೆಂಟ್ ತಾನಾಗಿ ಹಿಡಿಯೋದಿಲ್ಲ. ಕುದಿಸಿ ಆರಿಸಿದ ನೀರನ್ನು ಬ್ರಷ್‌ನಲ್ಲಿ ತೀರಾ ತೆಳ್ಳಗೆ ಸವರಿ. ಒದ್ದೆ ಕಾಣಬಾರದು, ಮುಟ್ಟಿದರೆ ಅಂಟಬೇಕು.

ಹಿಂದೆ ಕೂತ ಅಕ್ಕಾರು ಒಂದು ಚೀಟಿ ಕಳಿಸಿದ್ದಾರೆ. ಒಳಗೆ ಬೆಳಗಾವಿ ಕುಂದಾ ತುಂಬಬಹುದಾ ಅಂತ. ತುಂಬಬಹುದು ಅಕ್ಕಾ, ಕುಂದಾ ಗಟ್ಟಿ ಇರುತ್ತದೆ. ತೆಳ್ಳಗೆ ಹಾಕಿ, ಬದು ಮರೆಯಬೇಡಿ. ಆದರೆ ಅದು ಹಾಲಿನದು, ಹಾಗಾಗಿ ಬಿಸಿಲಲ್ಲಿ ಇಡೀ ದಿನ ಹೊರಗಿಡೋ ಕೇಕಿಗೆ ಬೇಡ. ರಸಮಲೈ ಕೇಕಿಗೆ ಫಾಂಡೆಂಟ್ ಹೊದಿಸಿ ಕೊಡಿ ಅಂತ ಯಾರಾದರೂ ಕೇಳಿದರೆ ಮಾತ್ರ ಕೈ ಮುಗಿದುಬಿಡಿ. ಹಾಲು ಕುಡಿದ ಕೇಕ್ ಯಾವ ಭಾರವನ್ನೂ ಹೊರೋದಿಲ್ಲ.

ಸರಿ, ಮಾತು ಸಾಕು. ಈಗ ಟೈಲ್ಸ್ ಇಳಿಸೋಣ. ಮೊದಲು ನಾಲ್ಕು ಜನ ಮುಂದೆ ಬನ್ನಿ, ಕೈ ತೊಳೆದುಕೊಂಡು. ಬಳೆ ಉಂಗುರ ತೆಗೆದು ಈ ತಟ್ಟೆಯಲ್ಲಿ ಇಡ್ರಿ. ಮೆತ್ತಗಿನ ಫಾಂಡೆಂಟ್ ಮೇಲೆ ಬಳೆಯ ಗುರುತು ಬಿದ್ದರೆ ಉಜ್ಜಿದರೂ ಹೋಗಲ್ಲ.