ಮೀನು ದಡದಾಗ, ಮೂರ್ತಿ ಕಡಲಾಗ: ಅಲೆಕ್ಸಾಂಡ್ರಿಯಾದ ಕೈತ್‌ಬೇ ಕೋಟೆ

[ದೃಶ್ಯ: ಲಕ್ಕುಂಡಿಯ ಓಣಿ. ಮನೆಯ ಕಟ್ಟೆಯಲ್ಲಿ ಸೇರಿಹೋದ ಕೆತ್ತನೆಯ ಕಲ್ಲು.]

ನಮಸ್ಕಾರ್ರಿ. ನಾ ನಿಂತಿದ್ದು ಗದಗದ ಹಂತ್ಯಾಕ, ಲಕ್ಕುಂಡಿಯೊಳಗ. ಈ ಕಟ್ಟಿ ನೋಡ್ರಿ. ಸಂಜಿಕ ಕುಂತು ಎಲಿ ಅಡಿಕಿ ಹಾಕ್ಕೊಳ್ಳೋ ಕಟ್ಟಿ, ಆದ್ರ ನಡುವಿನ ಕಲ್ಲು ಯಾವುದೋ ಹಳೇ ಗುಡೀದು. ಈ ಊರಾಗ ಇದೇನ ಹೊಸಾದಲ್ಲ. ಗುಡಿ ಬಿತ್ತು ಅಂದ್ರ ಅದರ ಕಲ್ಲು ಸುಮ್ನ ಕುಂದ್ರೂದಿಲ್ಲ. ಯಾರದರ ಮನಿ ಗ್ವಾಡಿ ಆಗತೈತಿ, ಕೊಟ್ಟಿಗಿ ಮೆಟ್ಲ ಆಗತೈತಿ.

ಲಕ್ಕುಂಡಿ ಕಟ್ಟಿ ಮ್ಯಾಲ ಕುಂತು ಈಜಿಪ್ಟಿನ ಕತಿ ಯಾಕ ಹೇಳಾಕತ್ತಾನ ಅನಬ್ಯಾಡ್ರಿ. ಅಲೆಕ್ಸಾಂಡ್ರಿಯಾದಾಗ ಸಮುದ್ರದ ಬಾಯಾಗ ಒಂದು ಕೋಟೆ ಐತಿ, ಕೈತ್‌ಬೇ ಅಂತ. ಅಲ್ಲೂ ಇದ ಆಟ ನಡದೈತಿ. ಬಿದ್ದದ್ದು ಮಾತ್ರ ಗುಡಿ ಅಲ್ಲ, ಹಳೇ ಜಗತ್ತಿನ ಏಳು ಅದ್ಭುತದಾಗ ಒಂದು.

[ದೃಶ್ಯ: ಫಾರೋಸ್ ದೀಪಸ್ತಂಭದ ಕಲ್ಪನಾಚಿತ್ರ. ಪಕ್ಕದಲ್ಲಿ ಗೋಳಗುಮ್ಮಟದ ಎರಡು ರೇಖಾಚಿತ್ರ, ಒಂದರ ಮೇಲೊಂದು.]

ಫಾರೋಸ್ ದೀಪಸ್ತಂಭ. ಕ್ರಿಸ್ತಪೂರ್ವ 3ನೇ ಶತಮಾನ, ಎರಡನೇ ಟಾಲೆಮಿ ರಾಜನ ಕಾಲ. ಎತ್ತರ 100 ಮೀಟರಿಗೂ ಮಿಕ್ಕಿ. ವಿಜಯಪುರದ ಗೋಳಗುಮ್ಮಟದ ನೆತ್ತಿ ಮ್ಯಾಲ ಇನ್ನೊಂದು ಗೋಳಗುಮ್ಮಟ ಇಟ್ಟಂಗ ಅಂತ ತಿಳಕೋರಿ. ಇದನ್ನ ಕೆಡವಿದ್ದು ಯಾವ ದಂಡೂ ಅಲ್ಲ, ಭೂಕಂಪ. 956ರಾಗ ಒಮ್ಮೆ, 1303ರಾಗ ಒಮ್ಮೆ, 1323ರಾಗ ಮತ್ತೊಮ್ಮೆ. ಇಬ್ನ್ ಬತೂತಾ ಅನ್ನೋ ಪ್ರವಾಸಿ 1326ರಾಗ ನೋಡಿದಾಗ ಒಂದು ಮಗ್ಗಲ ಕುಸಿದಿತ್ತಂತ. ಆಮ್ಯಾಲ ಆಂವ ದೇಶ ತಿರಗಿದ, ನಮ್ಮ ಹೊನ್ನಾವರಕ್ಕೂ ಬಂದು ಹೋದ. 1349ರಾಗ ಅಲೆಕ್ಸಾಂಡ್ರಿಯಾಕ್ಕ ತಿರುಗಿ ಬಂದ್ರ, ಬಾಗಲತನಕ ಹೋಗಾಕೂ ದಾರಿ ಉಳದಿರಲಿಲ್ಲ.

ಮುಂದ ನೂರಾ ಇಪ್ಪತ್ತೆಂಟು ವರ್ಷ ಆ ಕಲ್ಲು ಹಂಗ ಬಿದ್ದಿತ್ತು. 1477ಕ್ಕ ಸುಲ್ತಾನ ಕೈತ್‌ಬೇ ಅಲ್ಲೇ ಕೋಟೆ ಹಚ್ಚಿದ. ಈ ಮನಷ್ಯಾ ಗುಲಾಮನಾಗಿ ಮಾರಾಟಾಗಿ ಈಜಿಪ್ಟಿಗೆ ಬಂದಾಂವ, ಕಡೀಕ ಗಾದಿ ಏರಿದಾಂವ. ಉತ್ತರದಿಂದ ಒಟ್ಟೋಮನ್ ತುರ್ಕರ ಅಂಜಿಕಿ ಇತ್ತು, ಬಂದರ ಕಾಯಬೇಕಿತ್ತು. ಬಂದರದಾಗ ಅಂಥಾದ್ದೇನಿತ್ತು ಅಂದ್ರ, ಒಳ್ಳೆ ಮೆಣಸು! ನಮ್ಮ ಪಡುವಣ ಕರಾವಳಿ ಮೆಣಸು ಅರಬ್ಬಿ ಸಮುದ್ರ, ಕೆಂಪು ಸಮುದ್ರ ದಾಟಿ, ಕೈರೋ ಹಾಯ್ದು, ಇಲ್ಲಿಂದ ವೆನಿಸ್‌ಗೆ ಹಡಗ ಹತ್ತತಿತ್ತು. ಸುಂಕ ಸುಲ್ತಾನನ ಖಜಾನಿಗೆ. 1498ರಾಗ ವಾಸ್ಕೋ ಡ ಗಾಮ ಆಫ್ರಿಕಾ ಸುತ್ತ ಹಾಕಿ ಕಲ್ಲಿಕೋಟೆಗೆ ಬಂದಮ್ಯಾಲ ಆ ಗಳಿಕಿಗೆ ಪೆಟ್ಟು ಬಿತ್ತು. ಕೈತ್‌ಬೇ 1496ಕ್ಕ ತೀರಿಕೊಂಡಿದ್ದ, ಅದನ್ನ ನೋಡಲಿಲ್ಲ. 1517ಕ್ಕ ತುರ್ಕರೂ ಬಂದ್ರು. ಇಷ್ಟು ಚಂದ ಕೋಟೆ ಕಟ್ಟಿದ್ದಕ್ಕ ಅವರೇನ ನಿಲ್ಲಲಿಲ್ಲ.

[ದೃಶ್ಯ: ಕೋಟೆಯ ಹೊರಗೋಡೆ. ಗೋಡೆಯಲ್ಲಿ ಹುದುಗಿದ ಕೆಂಪು ಕಲ್ಲಿನ ಕಂಬದ ದುಂಡು ತುದಿ.]

ಕೈರೋದಿಂದ ಅಲೆಕ್ಸಾಂಡ್ರಿಯಾಕ್ಕ ರೈಲು ಐತಿ, ಎರಡೂವರಿ ಮೂರು ತಾಸು. ದೂರ ಎಷ್ಟಂದ್ರ ಹುಬ್ಬಳ್ಳಿಯಿಂದ ಬೆಳಗಾವಿಗೆ ಹೋಗಿ ತಿರುಗಿ ಬಂದಷ್ಟು. ನಾ ಹೋಗಿದ್ದು ಜನವರಿಯೊಳಗ. ಅಲ್ಲಿ ಮಳಿಗಾಲ ಅಂದ್ರ ಚಳಿಗಾಲನ. ಅಕ್ಕನ ಮಗಳು ಕಳಿಸಿದ್ದ ಕೊಡಿ ಮೊದಲನೇ ಗಾಳಿಗೇ ಉಲ್ಟಾ ಆತು. ಕಿವಿ ಮುಚ್ಚೋ ಟೊಪ್ಪಿಗಿ ಒಯ್ಯಿರಿ, ಛತ್ರಿ ಬ್ಯಾಡ.

ನಡುವಿನ ಬುರುಜು ಚೌಕ, ಒಂದೊಂದು ಮಗ್ಗಲ ಸುಮಾರು 30 ಮೀಟರ್, ಎತ್ತರ 17. ಮೂರು ಅಂತಸ್ತು. ಒಳಗ ಒಂದು ಮಸೂತಿ. ಬಾಗಲ ಮ್ಯಾಲ ಕಿಂಡಿ ಬಿಟ್ಟಾರ, ವೈರಿ ಬಂದ್ರ ಕುದಿಯೋ ಎಣ್ಣಿ ಸುರವಾಕ. ಜನ ಅಲ್ಲಿ ಫೋಟೋ ಹೊಡಕೊಂಡು ಮುಂದ ಹೋಗತಾರ. ನೀವು ಹಂಗ ಮಾಡಬ್ಯಾಡ್ರಿ. ಗ್ವಾಡಿ ನೋಡ್ರಿ. ಕಲ್ಲು ಎಲ್ಲಾ ತಿಳಿ ಬಣ್ಣದ್ದು, ನಡುವ ಅಲ್ಲಲ್ಲೆ ಕೆಂಪಗ ದುಂಡಗ ಏನೋ ಹಣಿಕಿ ಹಾಕತೈತಿ. ಅದು ಕಂಬ. ದೂರದ ಆಸ್ವಾನಿನ ಗ್ರಾನೈಟು. ಹಳೇ ಕಂಬ ಅಡ್ಡ ಮಲಗಿಸಿ ಗ್ವಾಡಿಗೆ ಹೊಲಿಗಿ ಹಾಕಿದಂಗ ಸೇರಿಸ್ಯಾರ. ಎರಡ ವರ್ಷಕ್ಕ ಕೋಟೆ ಮುಗೀತು ಅಂತಾರ. ಕಲ್ಲು ಕಾಲಬುಡಕ ಬಿದ್ದಿತ್ತಲ್ಲ, ಮುಗೀದ ಏನು?

1882ರ ಜುಲೈ 11ಕ್ಕ ಬ್ರಿಟಿಷ್ ಹಡಗಗಳು ಗುಂಡು ಹಾಕಿ ಇದನ್ನ ಹಾಳ ಮಾಡಿದ್ವು, ಮಸೂತಿ ಮಿನಾರ ಹೋತು. ರಿಪೇರಿ ಆತು, 1952ರ ನಂತರ ನೌಕಾ ಮ್ಯೂಸಿಯಂ ಮಾಡಿದ್ರು. ಖರೇ ಹೇಳಲೇನ್ರಿ, ಮ್ಯೂಸಿಯಂ ಅಂತ ಭಾಳ ಆಸೆ ಇಟ್ಕೊಂಡು ಹೋಗಬ್ಯಾಡ್ರಿ.

[ದೃಶ್ಯ: ಅಕ್ವೇರಿಯಂ. ಗಾಜಿನ ತೊಟ್ಟಿಯ ಮಬ್ಬು ಬೆಳಕು.]

ಬಾಜೂಕ ಮೀನಿನ ಅಕ್ವೇರಿಯಂ ಐತಿ, ಸಮುದ್ರ ಜೀವಿಗಳ ಸಂಗ್ರಹಾಲಯನೂ ಐತಿ. ದುಬೈ, ಸಿಂಗಾಪುರದ್ದು ನೋಡಿ ಬಂದವರಿಗೆ ಇದು ಸಣ್ಣದು ಅನಿಸತೈತಿ. ಹಳೇ ಕಾಲೇಜಿನ ಜೀವಶಾಸ್ತ್ರದ ಲ್ಯಾಬ್ ಹೊಕ್ಕಂಗ. ನನಗ ಅದ ಸೇರಿತು. ತಿಮಿಂಗಿಲದ ಎಲಬಿನ ಹಂದರದ ಕೆಳಗ ನಿಂತು ಮ್ಯಾಲ ನೋಡಿದ್ರ, ಹಂಚ ತಗದ ಮನಿ ಜಂತಿ ನೋಡಿದಂಗ ಆಗತೈತಿ.

ಮಜಾ ಏನಪಾ ಅಂದ್ರ, ಇಲ್ಲೆ ಮೀನು ದಡಕ್ಕ ಬಂದು ಗಾಜಿನ್ಯಾಗ ಕುಂತಾವು. ಗಾಜಿನ್ಯಾಗ ಇರಬೇಕಾದ ಮೂರ್ತಿ ಕಡಲಾಗ ಅದಾವು. ಕೋಟೆ ಬುಡಕ, ಆರೆಂಟು ಮೀಟರ್ ನೀರಾಗ.

[ದೃಶ್ಯ: ನೀರಿನಡಿಯ ಸ್ಫಿಂಕ್ಸ್, ಸುತ್ತ ಮೀನಿನ ಹಿಂಡು.]

1961ರಾಗ ಕಾಮೆಲ್ ಅಬುಲ್ ಸಾದಾತ್ ಅನ್ನೋ ಅಲೆಕ್ಸಾಂಡ್ರಿಯಾದ ಈಜುಗಾರ ಮೊದಲ ಇದನ್ನ ಕಂಡು ಸುದ್ದಿ ಮುಟ್ಟಿಸಿದ. ಆಮ್ಯಾಲ ಮೂವತ್ತು ವರ್ಷ ಹೆಚ್ಚೇನ ಆಗಲಿಲ್ಲ. 1990ರ ದಶಕದ ಶುರುವಿಗೆ ತೆರಿ ಹೊಡತದಿಂದ ಕೋಟೆ ಉಳಸೂಣು ಅಂತ ಕಾಂಕ್ರೀಟಿನ ದೊಡ್ಡ ದೊಡ್ಡ ಗಟ್ಟಿ ನೀರಿಗೆ ಇಳಿಸಿದ್ರು. ಅವು ಹೋಗಿ ಕುಂತಿದ್ದು ಆ ಹಳೇ ಕಲ್ಲಿನ ಮ್ಯಾಲನ! ಗದ್ದಲ ಎದ್ದಿತು. 1994ಕ್ಕ ಫ್ರೆಂಚ್ ತಜ್ಞ ಝಾನ್ ಈವ್ ಎಂಪರರ್ ತಂಡ ನೀರಿಗಿಳದು ಎಣಿಸಾಕ ಹತ್ತಿತು. ಕಂಬ, ಸ್ಫಿಂಕ್ಸ್ ಅಂದ್ರ ಸಿಂಹದ ಮೈ ಮನಷ್ಯಾನ ತಲಿ ಇರೋ ಮೂರ್ತಿ, ಬ್ಯಾರೆ ಮೂರ್ತಿ ತುಂಡು, ಎಲ್ಲಾ ಕೂಡಿ ಎರಡು ಸಾವಿರಕ್ಕೂ ಹೆಚ್ಚು. 2025ರ ಜುಲೈದಾಗ ಅದರಾಗಿನ 22 ದೊಡ್ಡ ಕಲ್ಲು ಮ್ಯಾಲ ಎತ್ತಿದ್ರು. ಅದರಾಗ ಕೆಲವು ಕಲ್ಲು ಒಂದೊಂದು 70, 80 ಟನ್. ಮಾಲು ತುಂಬಿದ ಹತ್ತು ಗಾಲಿ ಲಾರಿ ಎರಡು ಕೂಡಿದ್ರೂ ಅಷ್ಟು ತೂಕ ಆಗೂದಿಲ್ಲ. ಎಲ್ಲಾ ಕಲ್ಲು ಕಂಪ್ಯೂಟರಿನ್ಯಾಗ ಜೋಡಿಸಿ ದೀಪಸ್ತಂಭ ಹೆಂಗಿತ್ತು ಅಂತ ನೋಡೂದು ಅವರ ವಿಚಾರ.

ಊಟದ ಚಿಂತಿ ಮಾಡಬ್ಯಾಡ್ರಿ. ಮೀನು ತಿನ್ನವರಿಗೆ ಹಬ್ಬ. ನಮ್ಮಂಗ ಕಾಯಿಪಲ್ಲೆ ಮಂದಿಗೆ ಕೊಶರಿ ಅಂತ ಸಿಗತೈತಿ: ಅನ್ನ, ಚೆನ್ನಂಗಿ ಬ್ಯಾಳಿ, ಸೇವಗಿಯಂಥಾದ್ದು, ಮ್ಯಾಲ ಕರದ ಉಳ್ಳಾಗಡ್ಡಿ. ನಾ ಒಯ್ದಿದ್ದ ಕಟಕ ರೊಟ್ಟಿ ಅದರ ಜೋಡಿ ಭಾಳ ಚಲೋ ಹೊಂದಿತು.

ಕಡೀಕ ಒಂದು ಕೆಲಸ ಮಾಡ್ರಿ. ಕೋಟೆಯಿಂದ ದಂಡಿಗುಂಟ ಹೋದ್ರ ಹೊಸ ಅಲೆಕ್ಸಾಂಡ್ರಿಯಾ ಗ್ರಂಥಾಲಯ ಬರತೈತಿ. ಅದರ ಮುಂದ ನಿಂತಾನಲ್ಲ ಗ್ರಾನೈಟಿನ ಟಾಲೆಮಿ, ಆಂವನೂ ಕೋಟೆ ಬುಡದ ನೀರಾಗಿಂದನ ಎದ್ದು ಬಂದಾಂವ. ನೋಡಾಕ ಹೋಗೂವಾಗ ರಸ್ತಾ ದಾಟೂದಷ್ಟ ಹುಷಾರಿ. ನಮ್ಮ ಚೆನ್ನಮ್ಮ ಸರ್ಕಲ್ ದಾಟಿ ರೂಢಿ ಇದ್ದವರಿಗೂ ಎದಿ ಝಲ್ ಅಂತೈತಿ.