ಸ್ಕೀ ಬಲ್ಲವರೇ, ಸ್ನೋಬೋರ್ಡಿಗೆ ಹಣ ಸುರಿಯಬೇಡಿ

ನಮಸ್ಕಾರ. ಇವತ್ತಿನ ಮಾತು ಸ್ಕೀ ಚೆನ್ನಾಗಿ ಬಲ್ಲವರಿಗೆ. ಕಪ್ಪು ವಜ್ರದ ಗುರುತಿರುವ ಕಡಿದಾದ, ಕಷ್ಟದ ಇಳಿಜಾರಿಗೆ ಹೆದರದವರು, ಸ್ವಂತ ಸ್ಕೀ, ಸ್ವಂತ ಬೂಟು ಇಟ್ಟುಕೊಂಡವರು, ಈ ಚಳಿಗಾಲದಲ್ಲಿ ಒಂದೇ ಹಲಗೆಯ ಮೇಲೆ ಅಡ್ಡ ನಿಂತು ಜಾರುವ ಸ್ನೋಬೋರ್ಡನ್ನೂ ಕಲಿತುಬಿಡೋಣ ಎಂದು ಹೊರಟವರು ಕೇಳಿ. ಏನೂ ಅರಿಯದ ಹೊಸಬನಿಗಿಂತ ನಿಮ್ಮ ಜೇಬಿಗೇ ಹೆಚ್ಚು ಅಪಾಯ. ಹೊಸಬ ಅಂಗಡಿಯವರು ಕೊಟ್ಟದ್ದನ್ನು ಬಾಡಿಗೆಗೆ ಪಡೆದು ಸುಮ್ಮನೆ ಹೋಗುತ್ತಾನೆ. ನಿಮಗೆ ಅಭಿಪ್ರಾಯಗಳಿವೆ. ಗಡುಸಾದ ಸ್ಕೀ ಒಳ್ಳೆಯದು, ಕಲ್ಲಿನಂಥ ಬೂಟು ಒಳ್ಳೆಯದು, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಹಳೆಯದಾದರೆ ಅಪಾಯಕಾರಿ. ಸ್ಕೀ ಲೋಕದಲ್ಲಿ ಮೂರೂ ನಿಜ. ಅವೇ ಮೂರು ಬೋರ್ಡಿನ ಅಂಗಡಿಯಲ್ಲಿ ನಿಮ್ಮಿಂದ ದುಡ್ಡು ಬಿಚ್ಚಿಸುತ್ತವೆ.

ನನ್ನ ವಾದ ಇಷ್ಟೇ: ಬೂಟು ಹೊಸದಿರಲಿ, ಮಣಿಕಟ್ಟಿನ ರಕ್ಷೆ ಹೊಸದಿರಲಿ. ಉಳಿದದ್ದೆಲ್ಲ ಯಾರೋ ಬಳಸಿ ಬಿಟ್ಟದ್ದಾದರೆ ಸಾಕು.

ಮೊದಲು ಬೈಂಡಿಂಗ್ ವಿಚಾರ, ಏಕೆಂದರೆ ಹಳೆಯ ಸಾಮಾನೆಂದರೆ ನೀವು ಹೆದರುವುದು ಇದರಿಂದಲೇ. ಸ್ಕೀ ಬೈಂಡಿಂಗ್ ಎಂದರೆ ನೀವು ಬಿದ್ದಾಗ ಬೂಟನ್ನು ಕಳಚಿ ಬಿಡುವ ಯಂತ್ರ. ಒಳಗೆ ಸ್ಪ್ರಿಂಗ್ ಇದೆ. ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ ಎಲ್ಲವನ್ನೂ ನೋಡಿ ತಂತ್ರಜ್ಞ ಅದರ ಡಿನ್ ಅಂಕಿಯನ್ನು, ಅಂದರೆ ಎಷ್ಟು ಬಲ ಬಿದ್ದರೆ ಬೂಟು ಕಳಚಬೇಕೆಂಬ ಅಂಕಿಯನ್ನು, ಹೊಂದಿಸುತ್ತಾನೆ. ತಾವು ಇನ್ನೂ ಹೊಣೆ ಹೊರುವ ಮಾದರಿಗಳು ಯಾವುವು ಎಂದು ತಯಾರಕರು ಪಟ್ಟಿ ಹೊರಡಿಸುತ್ತಾರೆ. ಆ ಪಟ್ಟಿಯಿಂದ ಹೊರಬಿದ್ದ ಬೈಂಡಿಂಗನ್ನು ಅಮೆರಿಕದ ಅಂಗಡಿಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹೀಗಾಗಿ ಹಳೆಯ ಸ್ಕೀ ಕಂಡರೆ ಹಿಂಜರಿಯುವುದು ವಿವೇಕವೇ.

ಸ್ನೋಬೋರ್ಡಿನ ಬೈಂಡಿಂಗ್ ಕಳಚುವುದೇ ಇಲ್ಲ. ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿರುತ್ತವೆ, ಬಿದ್ದರೆ ಹಲಗೆಯ ಸಮೇತ ಬೀಳುತ್ತೀರಿ. ಆದ್ದರಿಂದ ಡಿನ್ ಇಲ್ಲ, ದಣಿಯುವ ಸ್ಪ್ರಿಂಗ್ ಇಲ್ಲ, ಹೊಣೆಯ ಪಟ್ಟಿಯೂ ಇಲ್ಲ. ಒಂದು ತಳಫಲಕ, ಹಿಮ್ಮಡಿಯ ಹಿಂದೆ ಒಂದು ಆಸರೆ, ಬೂಟಿನ ಮೇಲೆ ಬರುವ ಎರಡು ಪಟ್ಟಿ, ಅವನ್ನು ಬಿಗಿಯುವ ಹಲ್ಲಿನ ಕೊಂಡಿ. ಪಟ್ಟಿಯೋ ಕೊಂಡಿಯೋ ಮುರಿದರೆ ಬಿಡಿಭಾಗಕ್ಕೆ ಕೆಲವೇ ಡಾಲರ್. ತಳಫಲಕದಲ್ಲಿ ಬಿರುಕಿಲ್ಲದಿದ್ದರೆ, ಕೊಂಡಿ ಜಾರದೆ ಕಚ್ಚಿದರೆ ಆಯಿತು. ಜೋಡಿಸುವುದಕ್ಕೆ ತಂತ್ರಜ್ಞನೂ ಬೇಡ, ಒಂದು ಸ್ಕ್ರೂಡ್ರೈವರ್ ಸಾಕು. ನೋಡಬೇಕಾದದ್ದು ಬೈಂಡಿಂಗ್ ಕೂರಿಸಲು ಬೋರ್ಡಿನಲ್ಲಿರುವ ತೂತುಗಳ ವಿನ್ಯಾಸವನ್ನು ಮಾತ್ರ. ಹೆಚ್ಚಿನವುಗಳಲ್ಲಿ ಸಾಲು ತೂತುಗಳಿರುತ್ತವೆ. ಬರ್ಟನ್ ಕಂಪನಿಯ ಈಚಿನ ಬೋರ್ಡುಗಳಲ್ಲಿ ತೂತಿನ ಬದಲು ಉದ್ದನೆಯ ಸೀಳು, ಅದೇ ಕಂಪನಿಯ ಹಳೆಯವುಗಳಲ್ಲಿ ಮೂರು ಮೂರರ ತ್ರಿಕೋನ. ಬೈಂಡಿಂಗಿನ ನಡುವಿನ ತಟ್ಟೆ ಇವುಗಳಿಗೆ ಹೊಂದುತ್ತದೆಯೇ ಎಂದು ದುಡ್ಡು ಕೊಡುವ ಮುನ್ನ ಕೇಳಿ.

ಕೂತು ಪಟ್ಟಿ ಕಟ್ಟುವುದು ಸ್ಕೀ ಜನರಿಗೆ ಅವಮಾನದಂತೆ ಕಾಣುತ್ತದೆ. ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್ ಇಳಿದ ಕೂಡಲೇ ಹೊರಟು ರೂಢಿ ನೋಡಿ. ಅದಕ್ಕೇ ನಿಂತಲ್ಲೇ ಟಕ್ಕೆಂದು ಸಿಕ್ಕಿಕೊಳ್ಳುವ ಸ್ಟೆಪ್ ಆನ್ ಬಗೆಯ ಬೈಂಡಿಂಗ್ ಮೇಲೆ ನಿಮ್ಮ ಕಣ್ಣು ಬೀಳುತ್ತದೆ. ಸಾಮಾನು ಒಳ್ಳೆಯದೇ, ತಕರಾರಿಲ್ಲ. ಆದರೆ ಅದಕ್ಕೆ ಅದರದೇ ಬೂಟು ಬೇಕು, ಕಾಲಿಗೆ ಒಗ್ಗುವ ಬೂಟು ಆ ಸಾಲಿನಲ್ಲಿ ಸಿಗದೆಯೂ ಹೋಗಬಹುದು. ಅಗ್ಗ ಬೇಕೆಂದವರು ಪಟ್ಟಿಯನ್ನೇ ಕಟ್ಟಿಕೊಳ್ಳಿ.

ಇನ್ನು ಬೋರ್ಡು. ನೀವು ವೇಗಕ್ಕೆ ಒಗ್ಗಿದವರು, ಅಂಗಡಿಯಲ್ಲಿ ಕೈ ತಾನಾಗಿಯೇ ಅತಿ ಗಡುಸಾದ, ಅತಿ ಬೆಲೆಯ ಹಲಗೆಯತ್ತ ಹೋಗುತ್ತದೆ. ನಿಮ್ಮ ಧೈರ್ಯವೇನೋ ಪಳಗಿದೆ, ಕಾಲು ಪಳಗಿಲ್ಲ. ಅಡ್ಡ ನಿಂತು ಬೋರ್ಡಿನ ಹಿಮ್ಮಡಿ ಕಡೆಯ ಅಂಚಿನಿಂದ ಬೆರಳ ಕಡೆಯ ಅಂಚಿಗೆ ದಾಟುವುದನ್ನು ನೀವೂ ಮೊದಲಿನಿಂದಲೇ ಕಲಿಯಬೇಕು. ಬಳುಕುವ ಬೋರ್ಡು ತಪ್ಪನ್ನು ಮನ್ನಿಸುತ್ತದೆ, ಗಡುಸಾದದ್ದು ಎತ್ತಿ ಒಗೆಯುತ್ತದೆ. ಉದ್ದವನ್ನು ಎತ್ತರ ನೋಡಿ ಆರಿಸಬೇಡಿ, ತಯಾರಕರು ಕೊಟ್ಟ ತೂಕದ ಪಟ್ಟಿಯನ್ನು ನೋಡಿ. 175 ಸೆಂಟಿಮೀಟರಿನ ಸ್ಕೀ ಹಾಕುವವರಿಗೆ 155ರ ಬೋರ್ಡು ಆಟಿಕೆಯಂತೆ ಕಂಡೀತು, ಕಾಣಲಿ. ಅಗಲವನ್ನು ಮಾತ್ರ ಮರೆಯಬೇಡಿ. ಅಮೆರಿಕದ ಅಳತೆಯಲ್ಲಿ 11ರ ಆಸುಪಾಸಿನ ಅಥವಾ ಅದಕ್ಕೂ ದೊಡ್ಡ ಪಾದವಿದ್ದರೆ ಅಗಲದ ಬೋರ್ಡೇ ಬೇಕಾಗಬಹುದು. ಇಲ್ಲವಾದರೆ ತಿರುವಿನಲ್ಲಿ ಬೂಟಿನ ತುದಿ ಹಿಮಕ್ಕೆ ತಾಗುತ್ತದೆ.

ಬಳಸಿದ ಬೋರ್ಡು ನೋಡುವಾಗ ಮೇಲಿನ ಗೀರುಗಳನ್ನು ಲೆಕ್ಕಿಸಬೇಡಿ, ಚೌಕಾಶಿಗೆ ಮಾತ್ರ ಬಳಸಿಕೊಳ್ಳಿ. ಉಕ್ಕಿನ ಅಂಚಿನುದ್ದಕ್ಕೂ ಹುಷಾರಾಗಿ ಉಗುರು ಆಡಿಸಿ, ತುಂಡಾಗಿದ್ದರೆ, ಹೊರಗೆ ಬಾಗಿದ್ದರೆ ಬಿಟ್ಟು ನಡೆಯಿರಿ. ಪಕ್ಕದ ಪದರಗಳು ಬಿಟ್ಟುಕೊಂಡಿದ್ದರೂ ಅಷ್ಟೇ. ತಳದಲ್ಲಿ ಒಳಗಿನ ಮರ ಕಾಣುವಷ್ಟು ಆಳದ ಗಾಯ ಬೇಡ. ಸಣ್ಣ ಗೀರನ್ನು ಪ್ಲಾಸ್ಟಿಕ್ ಕಡ್ಡಿ ಕರಗಿಸಿ ತುಂಬುವುದು ನಿಮಗೆ ಹೇಗೂ ಗೊತ್ತು. ಮೇಣ, ಇಸ್ತ್ರಿ, ಅರ, ಎಲ್ಲವೂ ನಿಮ್ಮ ಗ್ಯಾರೇಜಿನಲ್ಲಿವೆ. ಅಮೆರಿಕದಲ್ಲಿ ಹೊಸ ಬೋರ್ಡಿಗೆ ಸುಮಾರು 400ರಿಂದ 600 ಡಾಲರ್. ಬೈಂಡಿಂಗ್ ಸಮೇತ ಬಳಸಿದ್ದು ಅದರ ಅರ್ಧಕ್ಕೂ ಕಡಿಮೆಗೆ ಸಿಗುವುದು ಅಪರೂಪವಲ್ಲ.

ಉಳಿದ ಹಣ ಬೂಟಿಗೆ. ಸ್ನೋಬೋರ್ಡಿನ ಬೂಟು ಮೆತ್ತಗೆ, ಅದರಲ್ಲಿ ನಡೆಯಬಹುದು, ಮೆಟ್ಟಿಲು ಹತ್ತಬಹುದು. ನಿಮಗೆ ಅದೇ ಅನುಮಾನ ಹುಟ್ಟಿಸುತ್ತದೆ, ಇಷ್ಟು ಹಿತವಾದದ್ದು ಕೆಲಸ ಮಾಡೀತೇ ಎಂದು. ಮಾಡುತ್ತದೆ. ಆದರೆ ಒಳಗಿನ ಮೆತ್ತೆ ಬಳಕೆಯಲ್ಲಿ ತುಳಿದು ತುಳಿದು ಹಿಂದಿನ ಮಾಲೀಕನ ಕಾಲಿನ ಆಕಾರಕ್ಕೆ ಇಳಿದಿರುತ್ತದೆ, ಬೇರೆಯವರ ಬೂಟು ಬೇಡವೆನ್ನುವುದು ಅದಕ್ಕೇ. ಹಾಕಿ ನಿಂತಾಗ ಬೆರಳ ತುದಿ ಮುಂದೆ ತಾಗಬೇಕು, ಮಂಡಿ ಬಾಗಿಸಿದಾಗ ಸ್ವಲ್ಪ ಹಿಂದೆ ಸರಿಯಬೇಕು. ಹಿಮ್ಮಡಿ ಮೇಲೇಳಲೇಬಾರದು. ಎದ್ದರೆ ಬೆರಳಿನ ಅಂಚಿಗೆ ಹೋಗುವ ಪ್ರತಿ ತಿರುವಿನಲ್ಲೂ ನಿಮ್ಮ ಆಜ್ಞೆ ಬೋರ್ಡಿಗೆ ತಡವಾಗಿ ತಲುಪುತ್ತದೆ. ಕಳೆದ ವರ್ಷದ ಬಣ್ಣದ ಬೂಟು ಮಾರ್ಚ್, ಏಪ್ರಿಲ್ ಹೊತ್ತಿಗೆ ರಿಯಾಯಿತಿಗೆ ಬರುತ್ತದೆ. ಬಣ್ಣಕ್ಕೆ ಸೋಲದವರಿಗೆ ಅದು ಹಬ್ಬ.

ಮಣಿಕಟ್ಟಿನ ರಕ್ಷೆಯನ್ನು ಹೊಸದೇ ಕೊಳ್ಳಿ ಎಂದೆ. ಸ್ಕೀಯಲ್ಲಿ ಮೊಣಕಾಲಿನ ಚಿಂತೆ, ಬೋರ್ಡು ಕಲಿಯುವವರಿಗೆ ಮಣಿಕಟ್ಟಿನದು. ಬೀಳುವಾಗ ಕೈ ಊರುವುದು ಸಹಜ, ಮೂಳೆ ಮುರಿಯುವುದೂ ಅಲ್ಲೇ. ಇದಕ್ಕೆ ಕೊಡುವ ಮೂವತ್ತು ನಲವತ್ತು ಡಾಲರಿಗೆ ಲೆಕ್ಕ ಹಾಕುವವರು ಎಮರ್ಜೆನ್ಸಿ ವಾರ್ಡಿನ ಬಿಲ್ಲನ್ನೂ ಒಮ್ಮೆ ನೆನೆಯಲಿ. ಹೆಲ್ಮೆಟ್, ಕನ್ನಡಕ, ಜಾಕೆಟ್ ಸ್ಕೀಯದೇ ನಡೆಯುತ್ತವೆ. ಹೆಲ್ಮೆಟಿನ ಸುರಕ್ಷತಾ ಮಾನದಂಡ ಎರಡೂ ಆಟಕ್ಕೂ ಒಂದೇ. ಪ್ಯಾಂಟು ಮಾತ್ರ ಪರೀಕ್ಷೆಗೆ ಒಳಗಾಗುತ್ತದೆ. ಬೋರ್ಡಿನವರು ಹಿಮದ ಮೇಲೆ ಕೂರುತ್ತಲೇ ಇರುತ್ತಾರೆ. ಸಿಯಾಟಲ್ ಕಡೆಯ ಕನ್ನಡಿಗರಿಗೆ ಇದನ್ನು ಹೇಳಬೇಕಿಲ್ಲ. ಕ್ಯಾಸ್ಕೇಡ್ ಪರ್ವತಗಳ ಆ ಒದ್ದೆ ಹಿಮದಲ್ಲಿ ನೀರು ತಡೆಯದ ಬಟ್ಟೆ ಊಟದ ಹೊತ್ತಿಗೇ ಸೋಲುತ್ತದೆ.

ಬೆಂಗಳೂರಿನಿಂದ ವರ್ಷಕ್ಕೊಮ್ಮೆ ಗುಲ್ಮಾರ್ಗಿಗೆ ಹೋಗುವವರು ಬೋರ್ಡು ಕೊಳ್ಳುವ ಗೋಜಿಗೇ ಹೋಗಬೇಡಿ, ಅಲ್ಲೇ ಬಾಡಿಗೆಗೆ ಪಡೆಯಿರಿ. ಕೊಳ್ಳುವುದಾದರೆ ಬೂಟೊಂದನ್ನೇ ಕೊಳ್ಳಿ, ಚೀಲದಲ್ಲಿ ಹಿಡಿಸುತ್ತದೆ.

ಕೊನೆಗೆ, ಸೀಸನ್ ಪಾಸ್ ಇಟ್ಟುಕೊಂಡವರಿಗೆ ಒಂದು ಮಾತು. ಯೂಟಾದ ಆಲ್ಟಾ, ಡಿಯರ್ ವ್ಯಾಲಿ, ವರ್ಮಾಂಟಿನ ಮ್ಯಾಡ್ ರಿವರ್ ಗ್ಲೆನ್, ಈ ಮೂರು ಸ್ಕೀ ಬೆಟ್ಟಗಳಲ್ಲಿ ಸ್ನೋಬೋರ್ಡಿಗೆ ಪ್ರವೇಶವೇ ಇಲ್ಲ. 1998ರ ನಗಾನೊ ಒಲಿಂಪಿಕ್ಸ್‌ನಲ್ಲೇ ಪದಕ ಕೊಟ್ಟ ಆಟಕ್ಕೆ ಇನ್ನೂ ಬೇಲಿ! ಆಲ್ಟಾದ ವಿರುದ್ಧ ಬೋರ್ಡಿನವರು ಕೋರ್ಟಿಗೂ ಹೋದರು, 2016ರಲ್ಲಿ ಮೇಲ್ಮನವಿಯಲ್ಲೂ ಸೋತರು. ನಿಮ್ಮ ಪಾಸ್ ಆ ಬೆಟ್ಟಗಳದ್ದಾಗಿದ್ದರೆ ಬೋರ್ಡು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಅದನ್ನು ಆಡಿಸಲು ಬೇರೆ ಬೆಟ್ಟದ ಟಿಕೆಟ್ ಕೊಳ್ಳಬೇಕಾದೀತು. ಆ ಲೆಕ್ಕವನ್ನು ಮೊದಲು ಹಾಕಿ.